ವಿಚ್ಛೇದನದ ದಾವೆ ಯಾವ ಊರಿನ ಕೋರ್ಟಿನಲ್ಲಿ?

ಗಡಿಯ ಆಚೆ ಈಚೆ ಹೆಣ್ಣು ಕೊಟ್ಟು ತರುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದದ್ದು. ಸಂಬಂಧ ಕೂಡಿಸುವಾಗ ರಾಜ್ಯ ಯಾವುದೆಂದು ಯಾರೂ ಕೇಳುವುದಿಲ್ಲ. ಅದು ಮುರಿದಾಗ ಮಾತ್ರ ಗಡಿ ಕಣ್ಣಿಗೆ ಬೀಳುತ್ತದೆ. ದಾವೆಯನ್ನು ಗಂಡನ ಊರಿನಲ್ಲೇ ಹೂಡಬೇಕೆಂಬ ಮಾತು ನಂಬಿ ತವರಿನಲ್ಲಿ ಸುಮ್ಮನೆ ಕುಳಿತ ಹೆಣ್ಣುಮಕ್ಕಳಿದ್ದಾರೆ. ಆ ಮಾತು ಸರಿಯಲ್ಲ.

ಜೈನರಿಗೂ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆಯೇ. 2014ರಲ್ಲಿ ನಮಗೆ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೆ ಇದು ಅನ್ವಯಿಸದೆಂದು 2025ರಲ್ಲಿ ಇಂದೂರಿನ ಕುಟುಂಬ ನ್ಯಾಯಾಲಯ ಹೇಳಿತ್ತು. ಮಧ್ಯಪ್ರದೇಶ ಹೈಕೋರ್ಟು ಅದೇ ವರ್ಷ ಆ ಆದೇಶವನ್ನು ರದ್ದುಪಡಿಸಿತು.

ಈ ಕಾಯ್ದೆಯ 19ನೆಯ ಕಲಮನ್ನು ಒಂದು ಉದಾಹರಣೆಯಿಂದ ನೋಡೋಣ. ಹುಡುಗಿ ಜತ್ತಿನವಳು, ಹುಡುಗ ಅಥಣಿಯವನು. ಮದುವೆ ಸೊಲ್ಲಾಪುರದಲ್ಲಿ, ಸಂಸಾರ ಪುಣೆಯಲ್ಲಿ. ಈಗ ಅವಳು ತವರಿನಲ್ಲಿ, ಅವನು ಅಥಣಿಯಲ್ಲಿ. ಅವಳು ದಾವೆ ಹೂಡುವುದಾದರೆ ಮದುವೆಯಾದ ಸೊಲ್ಲಾಪುರ, ಕೊನೆಯದಾಗಿ ಕೂಡಿ ಬಾಳಿದ ಪುಣೆ, ಗಂಡನಿರುವ ಅಥಣಿ, ತಾನಿರುವ ಜತ್ತು, ಈ ನಾಲ್ಕರಲ್ಲಿ ಯಾವ ಊರಿನ ವ್ಯಾಪ್ತಿಯ ಕೋರ್ಟಾದರೂ ನಡೆಯುತ್ತದೆ. ಕೊನೆಯ ಅನುಕೂಲ 2003ರ ತಿದ್ದುಪಡಿಯಿಂದ ಬಂದದ್ದು, ಹೆಂಡತಿಗೆ ಮಾತ್ರ. ಗಂಡ ತಾನು ವಾಸವಾಗಿದ್ದೇನೆಂಬ ಒಂದೇ ಕಾರಣಕ್ಕೆ ಅಥಣಿಯಲ್ಲಿ ಹೂಡುವಂತಿಲ್ಲ. ಹೆಂಡತಿ ಪರದೇಶದಲ್ಲಿದ್ದರೆ, ಇಲ್ಲವೆ ಏಳು ವರ್ಷದಿಂದ ಬದುಕಿರುವ ಸುದ್ದಿಯೇ ಇಲ್ಲದಿದ್ದರೆ ಮಾತು ಬೇರೆ.

ಆದರೂ ಅವನು ಅಲ್ಲೇ ಹೂಡಿ, ಜತ್ತಿಗೆ ನೋಟೀಸು ಬಂತೆನ್ನಿ. ಎಷ್ಟೋ ಮನೆಗಳಲ್ಲಿ ನಾಚಿಕೆಗೋ ಸಿಟ್ಟಿಗೋ ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು. ಈ ಕೋರ್ಟಿಗೆ ಅಧಿಕಾರವಿಲ್ಲವೆಂಬ ತಕರಾರನ್ನು ವಕೀಲರ ಮೂಲಕ ಮೊದಲ ಉತ್ತರದಲ್ಲೇ ಎತ್ತಬೇಕು. ತಡಮಾಡಿ ಅಪೀಲಿನಲ್ಲಿ ಎತ್ತಿದರೆ ಸಾಮಾನ್ಯವಾಗಿ ಕೇಳುವುದಿಲ್ಲ.

ಮದುವೆ ಅಥಣಿಯಲ್ಲೇ ಆಗಿದ್ದರೆ? ಆಗ ಅವನ ದಾವೆ ಅಲ್ಲಿ ಸರಿಯೇ. ಕೂಸನ್ನು ಎತ್ತಿಕೊಂಡು ಪ್ರತಿ ತಾರೀಖಿಗೆ ಹೋಗಲಾಗದ ಹೆಣ್ಣುಮಗಳು ವರ್ಗಾವಣೆ ಕೇಳಬಹುದು. ಒಂದೇ ರಾಜ್ಯದೊಳಗಾದರೆ ಹೈಕೋರ್ಟು ಸಾಕು. ರಾಜ್ಯದ ಗಡಿ ದಾಟಿದರೆ ಅರ್ಜಿ ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಜತ್ತಿನಿಂದ ಅಥಣಿಗೆ ಬಸ್ಸಿನ ದಾರಿ, ಆದರೆ ಕಾಗದ ದೆಹಲಿ ಸುತ್ತಿ ಬರಬೇಕು! ಗಡಿಯವರ ಪಾಡು ಇದು.

ಜೀವನಾಂಶಕ್ಕೆ ಇಷ್ಟೆಲ್ಲ ತಾಪತ್ರಯವಿಲ್ಲ. ಆ ಅರ್ಜಿಯನ್ನು ಹೆಂಡತಿ ತಾನಿರುವ ಜಿಲ್ಲೆಯಲ್ಲೇ ಕೊಡಬಹುದು. ವಿಚ್ಛೇದನದ ತೀರ್ಪಿಗೆ ಕಾಯಬೇಕಾಗಿಲ್ಲ.