ಹುಲ್ಲಿನ ಕಾವಲು: ಮಳೆಗಾಲದ ಆಚೆಗೂ ಮೇವನ್ನು ಉಳಿಸುವ ಬಗೆ

ಕನ್ನಡದಲ್ಲಿ ದನ ಮೇಯುವ ಬಯಲಿಗೆ 'ಹುಲ್ಲುಗಾವಲು' ಎಂದು ಹೆಸರು. ಹುಲ್ಲು, ಕಾವಲು ಎಂಬ ಎರಡು ಪದಗಳು ಕೂಡಿ, ಕಕಾರಕ್ಕೆ ಗಕಾರವು ಆದೇಶವಾಗಿ ಈ ಸಮಾಸವು ಉಂಟಾಗಿದೆ. ತೆಲುಗಿನ 'ಪಚ್ಚಿಕ ಬಯಲು' ಎಂಬ ಮಾತು ಕಣ್ಣಿಗೆ ಕಾಣುವ ಹಸುರನ್ನು ಹೇಳಿದರೆ, ಕನ್ನಡದ ಮಾತು ಮನುಷ್ಯನು ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ಹುಲ್ಲು ತಾನಾಗಿ ಬೆಳೆಯುವುದು ದಿಟ. ಕಾಯದೆ ಹೋದರೆ ಅದು ಬೇಕಾದ ತಿಂಗಳಿಗೆ ಒದಗದು. ಮಳೆ ನಿಂತ ಮೇಲೆಯೂ ದನಕ್ಕೆ ಬಯಲಿನ ಮೇವನ್ನು ಕೆಲವು ವಾರಗಳ ಕಾಲ ಒದಗಿಸುವ ವಿದ್ಯೆಯ ತಿರುಳು ಈ ಪದದಲ್ಲಿಯೇ ಅಡಗಿದೆ.

ವಿಶಾಖಪಟ್ಟಣದಿಂದ ವಿಜಯವಾಡದವರೆಗಿನ ಸೀಮೆಯಲ್ಲಿ ಜೂನ್ ತಿಂಗಳಿನಲ್ಲಿ ಮೊದಲಾಗುವ ಮಳೆಗಾಲವು ಅಕ್ಟೋಬರ್, ನವೆಂಬರ್ ತಿಂಗಳುಗಳ ಬಿರುಗಾಳಿಯ ಮಳೆಗಳೊಡನೆ ಕೊನೆಗಾಣುವುದು. ಶ್ರಾವಣ ಭಾದ್ರಪದಗಳಲ್ಲಿ ಮೇವು ಸಮೃದ್ಧ. ಪುಷ್ಯ ಮಾಸದ ಹೊತ್ತಿಗೆ ಬಯಲು ಒಣಗಿ ಬರಿದಾಗುವುದು. ಈ ಕೊರತೆಗೆ ಮಳೆಯ ಅಭಾವವೊಂದೇ ಕಾರಣವಲ್ಲ. ಹುಲ್ಲು ಚಿಗುರುವುದು ನೆಲಕ್ಕೆ ಅಂಟಿದ ಬುಡದಿಂದ. ಅಲ್ಲಿ ನಾಲ್ಕು ಬೆರಳಿನಷ್ಟು ಹಸುರು ಉಳಿದಿದ್ದರೆ ಅದು ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ ಬೇರನ್ನು ಪೋಷಿಸುವುದು. ದನಗಳು ನೆಲ ಕಾಣುವಂತೆ ಮೇದುಬಿಟ್ಟರೆ, ಬುಡವೂ ಬೇರೂ ಕೂಡಿಟ್ಟ ಆಹಾರವನ್ನೇ ವೆಚ್ಚಮಾಡಿ ಮತ್ತೆ ಚಿಗುರಬೇಕಾಗುವುದು. ಹೀಗೆ ಮೇಲಿಂದ ಮೇಲೆ ಆದಾಗ ಹುಲ್ಲಿನ ಬುಡ ಸೊರಗುವುದು. ಕೊನೆಯ ಮಳೆ ಚೆನ್ನಾಗಿ ಸುರಿದರೂ ಅದರ ಫಲ ದನಕ್ಕೆ ಸಲ್ಲದು.

ಇದಕ್ಕೆ ಪರಿಹಾರ, ಬಯಲನ್ನು ಭಾಗಗಳಾಗಿ ವಿಂಗಡಿಸಿ ಒಂದು ಭಾಗವನ್ನು ಮೀಸಲಿಡುವುದು. ಮೀಸಲಿಡುವ ಹೊತ್ತನ್ನು ನಿರ್ಣಯಿಸುವುದರಲ್ಲಿಯೇ ಜಾಣ್ಮೆಯಿದೆ. ಮೊದಲ ಮಳೆಯಿಂದಲೇ ಮುಚ್ಚಿದರೆ ಹುಲ್ಲು ಬೇಗ ತೆನೆಬಿಟ್ಟು, ಕಾಂಡ ಗಡುಸಾಗಿ, ಸಾರವನ್ನು ಕಳೆದುಕೊಳ್ಳುವುದು. ಕೆಲವು ಜಾತಿಗಳ ಮುಳ್ಳಿನಂತಹ ಬೀಜಗಳು ದನದ ಬಾಯಿಗೆ ಚುಚ್ಚುವುವು. ಆದುದರಿಂದ ಮಳೆಯ ಮೊದಲ ಭಾಗದಲ್ಲಿ ಹದವಾಗಿ ಮೇಯಿಸಿ, ಇನ್ನೂ ಮಳೆ ಉಳಿದಿರುವ ಭಾದ್ರಪದದ ಸುಮಾರಿಗೆ ಮುಚ್ಚಿದರೆ, ಕಾರ್ತಿಕದ ಅನಂತರ ಎಳೆಯ ಹುಲ್ಲು ಕೈಗೆ ಬರುವುದು. ಅದನ್ನು ಒಮ್ಮೆಗೇ ತೆರೆಯದೆ ಪಟ್ಟಿಪಟ್ಟಿಯಾಗಿ ಬಿಡಬೇಕು. ಇಲ್ಲವಾದರೆ ದನವು ತಿನ್ನುವುದಕ್ಕಿಂತ ತುಳಿದು ಕೆಡಿಸುವುದೇ ಹೆಚ್ಚು. ಯುರೋಪು ಅಮೆರಿಕಗಳ ಶೀತಪ್ರದೇಶಗಳಲ್ಲಿ ಬೇಸಗೆಯ ಕೊನೆಗೆ ಮುಚ್ಚಿದ ಹುಲ್ಲು ಚಳಿಯಲ್ಲಿ ಬಹುಕಾಲ ಸಾರವನ್ನು ಉಳಿಸಿಕೊಳ್ಳುವುದುಂಟು. ಉಷ್ಣಪ್ರದೇಶದ ಹುಲ್ಲಿಗೆ ಅಷ್ಟು ತಾಳಿಕೆಯಿಲ್ಲ. ಇಲ್ಲಿನ ಲಾಭವನ್ನು ವಾರಗಳಲ್ಲಿ ಎಣಿಸಬೇಕು.

ಈ ಕ್ರಮವು ಒಂದು ರಾಜ್ಯದ ವ್ಯವಸ್ಥೆಯಾಗಿಯೇ ನಡೆದ ನಿದರ್ಶನವು ಮೈಸೂರು ಸೀಮೆಯಲ್ಲಿದೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದ 'ಬೆಣ್ಣೆ ಚಾವಡಿ'ಯು ಟಿಪ್ಪುವಿನ ಆಳ್ವಿಕೆಯಲ್ಲಿ 'ಅಮೃತಮಹಲ್' ಎನಿಸಿತು. ಅದರ ಎತ್ತುಗಳು ಸೈನ್ಯದ ಸಾಮಗ್ರಿಯನ್ನು ಹೊತ್ತು ಎಳೆದು ಹೆಸರಾದುವು. ಆ ಮಂದೆಗಳಿಗೆ ಮೀಸಲಾದ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ನೆರಳಿನ ಮರಗಳುಳ್ಳ ನೆಲಗಳೂ ನೀರು ಇಳಿದ ಮೇಲೆ ಹುಲ್ಲು ಚಿಗುರುವ ಕೆರೆಯಂಗಳಗಳೂ ಬೇಸಗೆಗೆ ಸಲ್ಲುತ್ತಿದ್ದುವು. ಋತುವಿಗೆ ತಕ್ಕಂತೆ ಮಂದೆ ನಡೆಯುತ್ತಿತ್ತು. ಅದು ಬಿಟ್ಟುಹೋದ ನೆಲಕ್ಕೆ ಬಿಡುವು ದೊರೆಯುತ್ತಿತ್ತು. 1860ರಲ್ಲಿ ಮಿತವ್ಯಯದ ನೆಪದಿಂದ ಈ ಮಂದೆಗಳನ್ನು ಮಾರಿಬಿಟ್ಟ ಸರ್ಕಾರವು ಆರೇ ವರ್ಷಗಳಲ್ಲಿ, 1866ರಲ್ಲಿ, ಸಂಸ್ಥೆಯನ್ನು ಪುನಃ ಸ್ಥಾಪಿಸಬೇಕಾಯಿತು.

ಕೃಷ್ಣಾ ನದಿಯ ಮುಖಜ ಭೂಮಿಯಲ್ಲಿ ಇಂತಹ ವಿಶಾಲ ಬಯಲುಗಳಿಲ್ಲ. ಅಲ್ಲಿನ ರೈತರು ಅದೇ ಗುರಿಯನ್ನು ಬೇರೊಂದು ದಾರಿಯಿಂದ ಸಾಧಿಸಿದರು. ಬತ್ತದ ಕೊಯ್ಲಿಗೆ ಕೆಲವು ದಿನ ಮುಂಚೆ, ಪೈರು ನಿಂತಿರುವಾಗಲೇ, ತೇವದ ಗದ್ದೆಯಲ್ಲಿ ಪಿಲ್ಲಿಪೆಸರ ಎಂಬ ದ್ವಿದಳ ಧಾನ್ಯದ ಬೀಜವನ್ನು ಚೆಲ್ಲುವರು. ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ ತೇವದಿಂದಲೇ ಬಳ್ಳಿ ಹಬ್ಬಿ ದನಕ್ಕೆ ಮೇವಾಗುವುದು. ಉಳಿದುದನ್ನು ಉತ್ತರೆ ಹಸುರು ಗೊಬ್ಬರವಾಗುವುದು. ದ್ವಿದಳವಾದ್ದರಿಂದ ಇದರಲ್ಲಿ ಒಣಹುಲ್ಲಿನಲ್ಲಿಲ್ಲದ ಸಾರವೂ ಉಂಟು. ಕನ್ನಡಿಗರಿಗೆ ಈ ಹೆಸರು ಅಪರಿಚಿತವಾಗಬೇಕಿಲ್ಲ: ಪಕಾರವು ಹಕಾರವಾಗಿ ತೆಲುಗಿನ 'ಪೆಸರ'ವೇ ಕನ್ನಡದ 'ಹೆಸರು' ಕಾಳು, 'ಪಿಲ್ಲಿ' ಎಂದರೆ ಬೆಕ್ಕು. ಆದರೆ ಈಗ ಆ ಗದ್ದೆಗಳಲ್ಲಿ ಹಣ ತರುವ ಉದ್ದಿನ ಬೆಳೆಯೇ ಪ್ರಬಲವಾಗಿದೆ.

ಕನ್ನಡನಾಡಿನ ಕಾವಲುಗಳೂ ಕುಗ್ಗಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ವಿಸ್ತಾರವಾದ ಕಾವಲುಗಳು ಈ ಶತಮಾನದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದುವು. ದೇಶಕ್ಕೆ ಆ ಸಂಸ್ಥೆಗಳು ಬೇಕೆಂಬುದನ್ನು ಒಪ್ಪಿದರೂ, ದನ ಮೇಯದೆ ಕಾಣುವ ನೆಲವೆಲ್ಲ ಬೀಳು ನೆಲವೆಂದು ಎಣಿಸುವುದು ಸರಿಯಲ್ಲ. ಭಾದ್ರಪದದಲ್ಲಿ ಬರಿದಾಗಿ ನಿಂತಿರುವಂತೆ ತೋರುವ ಕಾವಲು ಪುಷ್ಯ ಮಾಸದ ಹಸಿವಿಗಾಗಿ ಕೂಡಿಟ್ಟ ಕಣಜ. ಅದು ಹೋದರೆ ರೈತನು ಮೇವನ್ನು ಕೊಂಡು ತರಬೇಕು. ಕೊಳ್ಳಲಾರದವನು ದನವನ್ನೇ ಮಾರಬೇಕು.