ಆಪರೇಷನ್ ಆದ ಮೇಲೆ ಮಲಗಿಯೇ ಇರುವುದು ಬೇಡ

ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು, ಸೊಂಟದ ಬಳಿ ತೊಡೆಮೂಳೆ ಮುರಿದುಕೊಳ್ಳುವ ಹಿರಿಯರು ನಮ್ಮಲ್ಲಿ ಕಡಿಮೆಯಲ್ಲ. ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ನಾವು "ಅಲುಗಾಡದೆ ಮಲಗಿರಿ" ಎನ್ನುತ್ತೇವೆ. ಇದು ಅಕ್ಕರೆಯೇನೋ ಹೌದು, ಆದರೆ ಹಿತವಲ್ಲ. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುತ್ತವೆ. ಬೆನ್ನಿನಲ್ಲಿ ಹುಣ್ಣಾಗಬಹುದು, ಎದೆಯಲ್ಲಿ ಕಫ ಕಟ್ಟಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದಲೇ ಸಾಮಾನ್ಯವಾಗಿ ಆಪರೇಷನ್ನಿನ ಮರುದಿನವೇ ರೋಗಿಯನ್ನು ಎಬ್ಬಿಸುತ್ತಾರೆ.

ಮನೆಯಲ್ಲೂ ಪಾದ ಆಡಿಸುವುದು, ಆಳವಾಗಿ ಉಸಿರೆಳೆಯುವುದು, ವಾಕರ್ ಹಿಡಿದು ನಡೆಯುವುದು ದಿನಕ್ಕೆ ಹಲವು ಸಲ ಆಗಬೇಕು. ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದೆಂದು ವೈದ್ಯರನ್ನೇ ಕೇಳಿರಿ. ಮೀನಖಂಡ ಬಾತು ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ. ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ವಾರಗಳ ಈ ಶ್ರಮವೇ ಅವರನ್ನು ಮತ್ತೆ ತೋಟದವರೆಗೆ ನಡೆಸುವ ಬಲ ಎಂಬುದನ್ನು ಸದಸ್ಯರು ಮರೆಯಬಾರದೆಂದು ಕೋರುತ್ತೇವೆ.