ಆರೋಗ್ಯದ ಕಿರ್ದಿ

ವ್ಯಾಪಾರಿಯು ತನ್ನ ಕೊಡುಕೊಳ್ಳುವಿಕೆಯನ್ನು ಕಿರ್ದಿಯಲ್ಲಿ ಬರೆದಿಡುತ್ತಾನೆ. ರೈತನ ಹೊಲದ ವಿವರವು ಪಹಣಿಯಲ್ಲಿ ಇರುತ್ತದೆ. ಆದರೆ ದೇಹದ ಲೆಕ್ಕವನ್ನು ಮಾತ್ರ ಮನುಷ್ಯನು ನೆನಪಿಗೆ ಬಿಟ್ಟುಬಿಡುವುದು ವಾಡಿಕೆ. ಹಿಂದೆ ಯಾವ ಬೇನೆ ಬಂದಿತ್ತು, ಯಾವ ಔಷಧಿ ಮೈಗೆ ಒಗ್ಗಲಿಲ್ಲ, ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ ಎಂದು ವೈದ್ಯರು ಕೇಳಿದಾಗ ತಡವರಿಸುವವರೇ ಹೆಚ್ಚು. ಈ ವಿವರಗಳನ್ನು ಗಣಕಯಂತ್ರದಲ್ಲಿ ಬರೆದಿಟ್ಟು, ಬೇಕಾದಾಗ ಬೇಕಾದೆಡೆಯಲ್ಲಿ ತೆರೆದು ನೋಡುವ ವ್ಯವಸ್ಥೆಗೆ ವಿದ್ಯುನ್ಮಾನ ಆರೋಗ್ಯ ದಾಖಲೆ ಎಂದು ಹೆಸರು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳನ್ನು ನೋಡಿದರೆ ಇದರ ಅಗತ್ಯವು ಮನದಟ್ಟಾಗುತ್ತದೆ. ಕೃಷ್ಣೆ, ಘಟಪ್ರಭೆಯರ ನೀರುಂಡ ಈ ನಾಡಿನಲ್ಲಿ ಕಬ್ಬು ಮುಖ್ಯವಾದ ಬೆಳೆ. ಕಬ್ಬು ಕಡಿಯುವ ಕೂಲಿಕಾರರು ಸುಗ್ಗಿಯಲ್ಲಿ ಸಂಸಾರಸಮೇತ ಊರಿಂದೂರಿಗೆ ಹೋಗುತ್ತಾರೆ. ರಬಕವಿ, ಬನಹಟ್ಟಿಗಳ ನೇಕಾರನು ಒಂದು ದಿನ ಆಸ್ಪತ್ರೆಗೆ ಅಲೆದರೆ ಅಂದಿನ ಗಳಿಕೆ ಹೋಯಿತು. ಹಳೆಯ ಚೀಟಿ ಕಳೆದರೆ ಅದೇ ರಕ್ತಪರೀಕ್ಷೆಗೆ ಮತ್ತೆ ಹಣ ತೆರಬೇಕು. 2019ರ ಆಗಸ್ಟ್ ತಿಂಗಳಲ್ಲಿ ಈ ನದಿಗಳು ಉಕ್ಕಿ ಹರಿದಾಗ ದಂಡೆಯ ಎಷ್ಟೋ ಕುಟುಂಬಗಳು ಮನೆ ತೊರೆಯಬೇಕಾಯಿತು. ಅಂಥ ಹೊತ್ತಿನಲ್ಲಿ ಕಾಗದವು ಉಳಿಯುವುದೆಂತು?

ಭಾರತ ಸರಕಾರವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನನ್ನು ದೇಶಾದ್ಯಂತ ಜಾರಿಗೆ ತಂದಿತು. ಇಚ್ಛಿಸಿದವರಿಗೆ ಇದರಲ್ಲಿ 14 ಅಂಕಿಗಳ 'ಆಭಾ' ಸಂಖ್ಯೆ ದೊರೆಯುತ್ತದೆ. ದಾಖಲೆಗಳೆಲ್ಲವೂ ಒಂದೇ ಕಣಜಕ್ಕೆ ಬಂದು ಬೀಳುವುದಿಲ್ಲ. ಚಿಕಿತ್ಸೆ ನೀಡಿದ ಸಂಸ್ಥೆಯಲ್ಲಿಯೇ ಇರುತ್ತವೆ. ರೋಗಿಯು ಸಮ್ಮತಿಯಿತ್ತರೆ ಮಾತ್ರ ಬೇರೆ ವೈದ್ಯರು ಅವನ್ನು ನೋಡಬಹುದು. ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆಯುವುದೂ ಸಾಧ್ಯ.

ಆದರೆ ಯಂತ್ರವನ್ನು ತಂದಿರಿಸಿದ ಮಾತ್ರಕ್ಕೆ ಕೆಲಸವು ಮುಗಿಯದು. ಜನರು ತಮ್ಮ ಆರೋಗ್ಯಸೇವೆಯ ಯೋಜನೆಯಲ್ಲಿ ಪಾಲುಗೊಳ್ಳುವುದು ಅವರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು 1978ರ ಅಲ್ಮಾ-ಅಟಾ ಘೋಷಣೆಯು ಸಾರಿತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಊರೂರಿಗೆ ಆಶಾ ಕಾರ್ಯಕರ್ತೆಯನ್ನು ತಂದಿತು. ಆಕೆ ಆ ಊರಿನವಳೇ. 30 ವರ್ಷ ದಾಟಿದವರ ಮನೆಗೆ ಹೋಗಿ, ತಂಬಾಕಿನ ಚಟ, ಸೊಂಟದ ಸುತ್ತಳತೆ, ಮನೆತನದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಕೇಳಿ ಬರೆದುಕೊಳ್ಳುತ್ತಾಳೆ. ಅಪರಿಚಿತ ಅಧಿಕಾರಿಗೆ ಹೇಳದ ಮಾತನ್ನು ಹೆಂಗಸರು ಆಕೆಗೆ ಹೇಳುತ್ತಾರೆ. ದಾಖಲೆಯ ಬೇರು ಇರುವುದು ಈ ನಂಬಿಕೆಯಲ್ಲಿ.

ನಂಬಿಕೆಯು ಸುಲಭವಾಗಿ ಒಡೆಯುವ ವಸ್ತು. 'ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು' ಎಂಬ ಗಾದೆ ಇಲ್ಲಿಗೆ ಸಲ್ಲುತ್ತದೆ. ಬಾಗಲಕೋಟೆಯು ಎಚ್.ಐ.ವಿ. ಸೋಂಕು ಹೆಚ್ಚಾಗಿ ಕಂಡುಬಂದಿದ್ದ ಜಿಲ್ಲೆಗಳಲ್ಲಿ ಒಂದು. ಇಂಥ ಸೋಂಕಿನ ಸುದ್ದಿಯು ಓಣಿಗೆ ತಿಳಿದರೆ ರೋಗಿಯು ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯದಿರಬಹುದು. ಆದುದರಿಂದಲೇ 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಸೋಂಕಿತರ ಗುಟ್ಟನ್ನು ಕಾಯುವ ಹೊಣೆಯನ್ನು ವಿಧಿಸಿದೆ.

ಹೀಗಿರಲು, ಹೊಸ ದಾಖಲೆಯ ವಿಚಾರವು ಮೊದಲು ಗ್ರಾಮಸಭೆಯಲ್ಲಿ, ನೇಕಾರರ ಸಹಕಾರ ಸಂಘದಲ್ಲಿ, ಸ್ವಸಹಾಯ ಸಂಘದ ಮಹಿಳೆಯರ ನಡುವೆ ಚರ್ಚೆಗೆ ಬರುವುದು ಯುಕ್ತ. ಯಾವುದನ್ನು ಬರೆಯುತ್ತಾರೆ, ಯಾರು ನೋಡುತ್ತಾರೆ, ತಪ್ಪಿದ್ದರೆ ತಿದ್ದಿಸುವುದು ಹೇಗೆ ಎಂಬುದನ್ನು ಅಲ್ಲಿ ತಿಳಿಗನ್ನಡದಲ್ಲಿ ವಿವರಿಸಬೇಕು. ಬರೆದುದನ್ನು ರೋಗಿಗೆ ಓದಿಹೇಳಬೇಕು. ಮೊಬೈಲ್ ಇಲ್ಲದ ಮುದುಕಿಗೂ ಸಂಖ್ಯೆ ಬೇಡವೆಂದವನಿಗೂ ಚಿಕಿತ್ಸೆಯು ತಪ್ಪಬಾರದು. ಸಭೆಯಲ್ಲಿ ಚರ್ಚೆಗೆ ಬರಬೇಕಾದುದು ವ್ಯವಸ್ಥೆಯೇ ಹೊರತು ವ್ಯಕ್ತಿಯ ಕಾಯಿಲೆಯಲ್ಲ.

ಕಿರ್ದಿಯು ಬರೆಯುವವನದಲ್ಲ, ಅದರಲ್ಲಿ ಯಾರ ಲೆಕ್ಕವಿದೆಯೋ ಅವನದು. ಈ ಅರಿವು ಊರಿನಲ್ಲಿ ಮೂಡಿದಲ್ಲಿ ಗಣಕಯಂತ್ರವು ಜನರ ಸೇವಕನಾಗುವುದು.